ಯಾರದೋ ಒಂದು ಹೂಂ

ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಇನ್ನೊಬ್ಬರ ತಲೆಯೊಳಗೆ ಹೋಗಿ ಕೂತು, ಅಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರ ಹಾಗೆ ಹೇಳುವುದಕ್ಕೆ ತಯಾರಿ ಬೇಕು, ಓದು ಬೇಕು. ಹಗಲೆಲ್ಲ ದುಡಿದು ಸಂಜೆ ತೂಕಡಿಸುತ್ತ ಪಾಠ ಕೇಳಿದವರಿಗೆ ಅದು ಎಷ್ಟು ದಕ್ಕಿರುತ್ತದೆಯೋ ಅಷ್ಟೇ ಇಲ್ಲಿರುವುದು. ಮೇಲಾಗಿ ಇದರಲ್ಲಿ ಕಥೆ ಎನ್ನುವಂಥದ್ದು ಹೆಚ್ಚೇನೂ ನಡೆಯುವುದಿಲ್ಲ. ಒಂದು ಶಬ್ದ ಬರುತ್ತದೆ. ತುಟಿ ತೆರೆಯದೆ ಮೂಗಿನಿಂದಲೇ ಆಡಿ ಮುಗಿಸಬಹುದಾದದ್ದನ್ನು ಶಬ್ದ ಅನ್ನಬಹುದೋ ಇಲ್ಲವೋ ಎಂಬ ಅನುಮಾನದಿಂದ ನಿಘಂಟನ್ನೂ ತೆಗೆದು ನೋಡಿದ್ದಾಯಿತು. ಅಲ್ಲಿ ಕೊಟ್ಟ ಅರ್ಥ ಸಾಲಲಿಲ್ಲ.

ಆ ದಿನ ಬೆಳಗ್ಗೆ ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಅವಳ ಮುಂದೆ ಒಬ್ಬ ಮುದುಕ ಕೂತಿದ್ದ. ಮುದುಕ ಅನ್ನಬಾರದು. ಅವಳು ಸಂಜೆ ಹೊತ್ತು ಎಂ.ಎ. ಓದುತ್ತಿದ್ದ ವಿಭಾಗದಲ್ಲಿ ಆ ಮಾತಿಗೆ ಪ್ರವೇಶವಿಲ್ಲ. ಅವಳು ಸೇರಿದಾಗ ‘ವೃದ್ಧ’ ಎಂದು ಬರೆಯುತ್ತಿದ್ದರು, ಅದು ಹೋಯಿತು. ‘ಹಿರಿಯ ನಾಗರಿಕ’ ಬಂತು, ಅದೂ ಹೋಯಿತು. ಈಗ ‘ವಯಸ್ಸು ಮಾಗುತ್ತಿರುವ ವ್ಯಕ್ತಿ’ ಎಂದು ಬರೆಯದಿದ್ದರೆ ಅಂಕ ಕಡಿಯುತ್ತಾರೆ. ಮಾಗಿದ ಹಣ್ಣು ಮುಂದೆ ಏನಾಗುತ್ತದೆ ಎಂದು ಅಲ್ಲಿ ಯಾರೂ ಯೋಚಿಸಿದಂತಿರಲಿಲ್ಲ. ಅವಳು ಆ ಮಾಗುತ್ತಿರುವ ವ್ಯಕ್ತಿಯ ಮೂಗಿನ ಮೇಲೆ ಪರೀಕ್ಷೆಯ ಭಾರವಾದ ಚೌಕಟ್ಟನ್ನು ಕೂರಿಸಿ, ಪೆಟ್ಟಿಗೆಯಿಂದ ಒಂದು ಗಾಜು ತೆಗೆದು ಹಾಕಿ, ತೆಗೆದು, ಇನ್ನೊಂದು ಹಾಕಿ, "ಇದರಲ್ಲಿ ಚೆನ್ನಾಗಿ ಕಾಣುತ್ತಾ ಸರ್, ಇಲ್ಲ ಇದರಲ್ಲಾ?" ಎಂದು ಕೇಳಿದಳು. "ಹೂಂ," ಎಂದ ಮುದುಕ. "ಯಾವುದು ಸರ್? ಮೊದಲಿಂದಾ, ಈಗಿಂದಾ?" "ಹೂಂ, ಹೂಂ." ಗೋಡೆಗೆ ಒರಗಿ ನಿಂತು ಮೊಬೈಲು ಉಜ್ಜುತ್ತಿದ್ದ ಮಗ ತಲೆ ಎತ್ತದೆ, "ಅವರಿಗೆ ಎರಡೂ ಒಂದೇ ಮೇಡಂ. ಯಾವುದಾದ್ರೂ ಒಂದು ಹಾಕಿ ಕಳಿಸಿ," ಎಂದ. ಇವನಿಗೆ ನಾಚಿಕೆಯಾಗುವುದಿಲ್ಲವೇ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಒಂದು ಸುಖವೂ ಇತ್ತು, ತಾನು ಇಂಥವರ ಪೈಕಿ ಅಲ್ಲ ಎಂಬ ಸುಖ. ಅದನ್ನು ಗಮನಿಸಿ ಅವಳು ಇನ್ನಷ್ಟು ಸಿಡುಕಿದಳು. ಪರದೆ ಸರಿಸಿ ಇಣುಕಿದ ಅಂಗಡಿ ಯಜಮಾನ, "ಏನ್ರೀ, ಮುದುಕರ ಮೇಲೇ ಪದವಿ ಮಾಡ್ತಿದೀರಂತೆ. ಒಬ್ಬ ಮುದುಕನ ಬಾಯಲ್ಲಿ ಉತ್ತರ ತೆಗೆಯೋಕೆ ಇಷ್ಟು ಹೊತ್ತಾ?" ಎಂದು ನಕ್ಕ. ಮುದುಕನೂ ನಕ್ಕ. ಯಾರಾದರೂ ನಕ್ಕರೆ ನಗುವ ಅಭ್ಯಾಸ ಅವನಿಗೆ ಆಗಿತ್ತು.

ನಾದಿನಿಯ ಫೋನು ಬಂದದ್ದು ಆಗಲೇ. "ಅತ್ತಿಗೆ, ಆ ಹಿರಿಯರ ನಿವಾಸದ ವ್ಯಾನ್‌ನವರು ನಾಳೆ ಬೆಳಗ್ಗೆನೇ ಬರ್ತಾರಂತೆ. ನಾನು ನಿಮ್ಮನೇಲೇ ಇದೀನಿ, ಅಪ್ಪನ ಬಟ್ಟೆ ಎಲ್ಲ ಒಂದು ಬ್ಯಾಗಿಗೆ ಹಾಕಿಟ್ಟಿದೀನಿ. ಸ್ವೆಟರ್ ಎಲ್ಲಿಟ್ಟಿದೀರಿ?" ಅವಳು ಹೇಳಿದಳು. "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ, ಒಂದ್ಸಲ ಕೇಳ್ತೀನಿ. ಅಪ್ಪ ಒಪ್ಪಿದಾರೆ ತಾನೆ? ಆಮೇಲೆ ನಾವು ತಳ್ಳಿದ್ವಿ ಅಂತ ಆಗಬಾರ್ದು." "ಒಪ್ಪಿದಾರೆ," ಎಂದಳು ಅವಳು, "ರೆಕಾರ್ಡ್ ಇದೆ." "ರೆಕಾರ್ಡ್ ಇದೆ ಅಂದ್ಮೇಲೆ ಇನ್ನೇನು," ಎಂದು ನಾದಿನಿ ಹಗುರಾದಳು. ಸ್ವಂತ ಅಪ್ಪನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಅತ್ತಿಗೆಗೆ ಫೋನು ಮಾಡಿ ಅಪ್ಪ ಏನಂದರು ಎಂದು ಕೇಳುತ್ತಾಳಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿ ಆ ಬಾಗಿಲು ನೂಕಲು ಇವಳಿಗೇನು ಅಡ್ಡಿ? ಗಂಡನಿಗಾದರೂ ಏನು ಅಡ್ಡಿ ಇತ್ತು? ಅವನು ಅಪ್ಪನ ಕೋಣೆಯ ಬಾಗಿಲಿನ ತನಕ ಹೋಗಿ, ಬಲ್ಬು ಉರಿಯುತ್ತದೆಯೇ ಎಂದು ಮೇಲೆ ನೋಡಿ ವಾಪಸು ಬಂದಿದ್ದ. "ನೀನೇ ಕೇಳೇ. ನೀನು ಇದನ್ನೇ ಓದ್ತಿರೋಳು, ನಿನಗೆ ಹೇಗೆ ಕೇಳ್ಬೇಕು ಅಂತ ಗೊತ್ತಿರುತ್ತೆ." ಮಗನಿಗೂ ಮಗಳಿಗೂ ಬಾಯಿ ಬರದ ಪ್ರಶ್ನೆಯನ್ನು ಕೇಳಲು ಸೊಸೆಗೆ ವಿಶ್ವವಿದ್ಯಾಲಯವೇ ತರಬೇತಿ ಕೊಟ್ಟಿದೆ ಎಂದು ಆ ಮನೆಯಲ್ಲಿ ತೀರ್ಮಾನವಾಗಿತ್ತು. ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟಿನ ಅಡಿಯಲ್ಲಿ ಹೆಮ್ಮೆಯೂ ಆಗಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನೆಯವರು ಅವಳ ಓದನ್ನು ಒಂದು ಕೆಲಸಕ್ಕೆ ಬರುವ ವಸ್ತು ಎಂದು ಒಪ್ಪಿದ್ದು ಅದೇ ಮೊದಲು.

ಅವಳ ಓದನ್ನು ಮಾವ ಮಾತ್ರ ಒಪ್ಪಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದ ಮನುಷ್ಯ. ಅಂಗಡಿ ಹೊಕ್ಕರೆ ತಕ್ಕಡಿಗಳೇ ಬೆವರುತ್ತಿದ್ದ ಕಾಲವನ್ನು ಮರೆಯಲಾರದೆ, ಈಗ ಮನೆಗೆ ತಂದ ತರಕಾರಿ ಚೀಲವನ್ನು ಕೈಯಲ್ಲಿ ಎತ್ತಿ ಇಳಿಸಿ, "ನಿನಗೆ ಮೋಸ ಮಾಡಿದಾನೆ," ಎಂದು ತೀರ್ಪು ಕೊಟ್ಟು ಒಳಗೆ ಹೋಗುವವನು. ಅವಳು ಸಂಜೆ ತರಗತಿಗೆ ಸೇರಿದಾಗ, "ಮುದುಕರಾಗೋಕೂ ಎಂ.ಎ. ಬೇಕಾ? ನಾನು ಪ್ರೈವೇಟಾಗೇ ಪಾಸಾದೆ," ಎಂದಿದ್ದ. ಅಂದಿನಿಂದ ಅವಳ ಹೆಸರೇ ‘ಎಮ್ಮೆ’ ಎಂದಾಯಿತು. ಎಮ್ಮೆ ಬಂತಾ, ಎಮ್ಮೆ ಕ್ಲಾಸಿಗೆ ಹೋಯ್ತಾ, ಎಮ್ಮೆಗೆ ಇವತ್ತು ಯಾಕೋ ಮುಖ ದಪ್ಪ. ಮೊದಮೊದಲು ಅವಳ ಮಗಳೂ ನಗುತ್ತಿದ್ದಳು. ಅಂಥ ಮನುಷ್ಯನನ್ನು ಪ್ರೀತಿಸುವುದು ಕಷ್ಟ. ಅವನ ಒಳ್ಳೆಯದನ್ನು ಬಯಸುವುದು ಸುಲಭ, ಅದಕ್ಕೆ ಅವನ ಹತ್ತಿರ ಹೋಗಬೇಕಾಗಿಲ್ಲ. ‘ಅಪ್ಪನಿಗೆ ಒಳ್ಳೇದು’ ಎಂದು ಗಂಡ, ‘ಅಪ್ಪನಿಗೆ ಜೊತೆ ಸಿಗುತ್ತೆ’ ಎಂದು ನಾದಿನಿ, ‘ವೈದ್ಯಕೀಯ ಸೌಲಭ್ಯ ಇದೆ’ ಎಂದು ಅವಳು. ಕೋಣೆ ಎಂಬ ಮಾತನ್ನು ಮೂವರಲ್ಲಿ ಒಬ್ಬರೂ ಆಡಲಿಲ್ಲ. ಬಾಡಿಗೆ ಮನೆಯಲ್ಲಿ ಇದ್ದ ಒಳ್ಳೆಯ ಕಿಟಕಿ ಒಂದೇ, ಅದು ಮಾವನ ಕೋಣೆಯಲ್ಲಿತ್ತು. ಮಗಳು ಹಾಲಿನಲ್ಲಿ ಓದುತ್ತಿದ್ದಳು; ಅವಳು ಅಡುಗೆಮನೆಯ ಕಟ್ಟೆಯ ಮೇಲೆ, ಒಲೆ ಆರಿದ ಮೇಲೆ, ತನ್ನ ಪ್ರಬಂಧ ಬರೆಯುತ್ತಿದ್ದಳು. ಪ್ರಬಂಧದ ವಿಷಯ: ವಯಸ್ಸು ಮಾಗುತ್ತಿರುವ ವ್ಯಕ್ತಿಗಳು ತಾವಿದ್ದ ಮನೆಯಲ್ಲೇ ಉಳಿಯುವುದರ ಪ್ರಯೋಜನಗಳು.

ಆ ತಲೆಬರಹವನ್ನು ಓದಿದಾಗಲೆಲ್ಲ ಯಾರೋ ಹಿಂದಿನಿಂದ ಬಂದು ಜಡೆ ಎಳೆದ ಹಾಗೆ ಆಗುತ್ತಿತ್ತು. ಆದರೆ ಅವಳು ಬಿಟ್ಟಿರಲಿಲ್ಲ. ವಿಷಯ ಬದಲಿಸಲು ಪ್ರೊಫೆಸರರ ಅನುಮತಿ ಬೇಕು, ಅನುಮತಿಗೆ ಕಾರಣ ಕೊಡಬೇಕು. ಪ್ರೊಫೆಸರರ ಮುಂದೆ ನಿಂತರೆ ಅವಳ ನಾಲಿಗೆ ಹತ್ತಿಯಾಗುತ್ತಿತ್ತು. ವಿಭಾಗವಿದ್ದದ್ದು ಲಿಫ್ಟಿಲ್ಲದ ಕಟ್ಟಡದ ತುತ್ತತುದಿಯ ಮಹಡಿಯಲ್ಲಿ. ಒಮ್ಮೆ ವಯಸ್ಸಾದವರನ್ನು ಮಾತಾಡಿಸುವ ಕಾರ್ಯಕ್ರಮವಿಟ್ಟಾಗ ಬಂದವರೆಲ್ಲ ಕೆಳಗೆ ಮೆಟ್ಟಿಲ ಬುಡದಲ್ಲೇ ಕೂತುಬಿಟ್ಟಿದ್ದರು. ಬ್ಯಾನರು, ಹೂಗುಚ್ಛ, ಪ್ರೊಫೆಸರು ಎಲ್ಲವೂ ಇಳಿದು ಹೋಗಬೇಕಾಯಿತು. ವಿಭಾಗ ಬಹುಶಿಸ್ತೀಯವೋ ಅಂತರಶಿಸ್ತೀಯವೋ ಎಂಬ ಜಗಳ ಮುಗಿಯದೆ ಬೋರ್ಡು ಬರೆಸಿರಲಿಲ್ಲ, ಬಾಗಿಲ ಮೇಲೆ ‘ದಾಸ್ತಾನು ಕೊಠಡಿ’ ಎಂಬ ಹಳೆಯ ತಗಡೇ ಇತ್ತು. ಅವಳಿಗೆ ಅದೇ ಸರಿ ಎನ್ನಿಸುತ್ತಿತ್ತು. ಬಡ್ತಿಗಾಗಿ ಇನ್ನೊಂದು ಪದವಿ ಬೇಕಾಗಿ ಬಂದ ಡಾಕ್ಟರು, ಎಲ್ಲದಕ್ಕೂ ಸೈದ್ಧಾಂತಿಕ ಚೌಕಟ್ಟು ಬೇಕು ಎನ್ನುವುದರಿಂದ ‘ಚೌಕಟ್ಟು’ ಎಂದೇ ಹೆಸರಾಗಿದ್ದ ಸಮಾಜಶಾಸ್ತ್ರದ ಹುಡುಗ, ಸಂಖ್ಯಾಶಾಸ್ತ್ರ ಕಲಿಸುವ ಮೇಡಂ, ಹೀಗೆ ಬೇರೆ ಬೇರೆ ಅಂಗಡಿಯಲ್ಲಿ ಖರ್ಚಾಗದ ಸರಕು ಅಲ್ಲಿ ದಾಸ್ತಾನಾಗಿತ್ತು. ತಾನೂ ಅದರಲ್ಲಿ ಒಂದು. ಮೊದಲ ವರ್ಷ ಅವರಿಗೆಲ್ಲ ಮುಪ್ಪಿನ ಅನುಭವ ಮಾಡಿಸಿದ್ದರು. ಮಣಿಕಟ್ಟಿಗೂ ಕಾಲಿಗೂ ಮರಳಿನ ಚೀಲ, ಕಿವಿಗೆ ಹತ್ತಿ, ಕೈಗೆ ದಪ್ಪ ಗವಸು, ಕಣ್ಣಿಗೆ ಹಳದಿ ಬಳಿದ ಈಜುಕನ್ನಡಕ. ಡಾಕ್ಟರು ನಡು ಬಗ್ಗಿಸಿ ಕೋಲು ಊರಿ ಕಾರಿಡಾರಿನಲ್ಲಿ ಹೋಗಿ ಬಂದು ಫೋಟೋ ಹೊಡೆಸಿಕೊಂಡರು. ಎಲ್ಲರೂ ‘ಅಯ್ಯೋ ಪಾಪ, ಎಷ್ಟು ಕಷ್ಟ’ ಎಂದು ಚೀಲ ಬಿಚ್ಚಿಟ್ಟು ಚಹಾ ಕುಡಿದರು. ಅನುಭವ ವರದಿಯಲ್ಲಿ ಚೌಕಟ್ಟು ‘ನನ್ನ ದೇಹವೇ ನನಗೆ ಪರಕೀಯವಾಯಿತು’ ಎಂದು ಬರೆದು ಮೆಚ್ಚುಗೆ ಪಡೆದ. ಅವಳು ‘ಕನ್ನಡಕದ ಹಳದಿ ಬಣ್ಣ ಸಮವಾಗಿ ಬಳಿದಿಲ್ಲ’ ಎಂದು ಬರೆದು ‘ಚಿಂತನೆಯ ಕೊರತೆ’ ಎಂಬ ಷರಾ ಪಡೆದಿದ್ದಳು.

ಸಂದರ್ಶನ ಮಾಡುವುದನ್ನು ಕಲಿಸಿದ್ದು ಪ್ರೊಫೆಸರರೇ. ಕಪ್ಪು ಬಳಿದ ಕೂದಲ ಬುಡದಲ್ಲಿ ಬಿಳಿ ಗೆರೆ ಇಣುಕುತ್ತಿದ್ದ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣು ಅರೆಮುಚ್ಚಿ ತೋರಿಸಿಕೊಟ್ಟಿದ್ದರು. "ಹೂಂಗುಟ್ಟಬೇಕು. ಅವರು ಮಾತಾಡ್ತಾ ಇರುವಾಗ ನಡುನಡುವೆ ಹೂಂ, ಹೂಂ ಅನ್ನಬೇಕು. ನಿಮ್ಮ ಅಭಿಪ್ರಾಯ ಅದರಲ್ಲಿ ಇರಕೂಡದು. ಹೂಂ ಅಂದ್ರೆ ನಾನಿದ್ದೀನಿ, ಮುಂದೆ ಹೇಳಿ ಅಂತ ಅಷ್ಟೇ. ಎಲ್ಲಿ, ಎಲ್ಲರೂ ಅನ್ನಿ." ಇಡೀ ತರಗತಿ, ಡಾಕ್ಟರು ಸಹಿತ, ಹೂಂ ಎಂದಿತ್ತು. ಅವಳು ಅದನ್ನು ಮನೆಯಲ್ಲಿ ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿದಳು. ತುಸು ಕೆಳಗಿನಿಂದ ಎದ್ದು ಕೊನೆಯಲ್ಲಿ ಎಳೆಯಷ್ಟು ಮೇಲಕ್ಕೆ ತಿರುಗುವ ಹೂಂ, ಅದೇ ಸರಿ ಎಂದು ಪ್ರೊಫೆಸರು ಹೇಳಿದ್ದರು. ಉಳಿದವರು ಮರೆತರು. ಅವಳು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವಳು. ಅಂಗಡಿಯಲ್ಲಿ ಗಿರಾಕಿಗಳಿಗೆ, ಮನೆಯಲ್ಲಿ ಗಂಡನಿಗೆ, ಫೋನಿನಲ್ಲಿ ನಾದಿನಿಗೆ ಅದೇ ಹೂಂ. "ನಿನ್ನ ಹತ್ರ ಮಾತಾಡಿದ್ರೆ ಗೋಡೆ ತಲೆ ಆಡಿಸಿದ ಹಾಗಿರುತ್ತೆ," ಎಂದು ಗಂಡ ಒಮ್ಮೆ ಅಂದಿದ್ದಕ್ಕೂ ಹೂಂ ಎಂದಿದ್ದಳು.

ಹಿಂದಿನ ಭಾನುವಾರ ಮಧ್ಯಾಹ್ನ, ತರಗತಿಗೆ ಒಪ್ಪಿಸಬೇಕಾದ ಸಂದರ್ಶನಕ್ಕಾಗಿ, ರೆಕಾರ್ಡಿಂಗಿಗೆ ಹಾಕಿದ ಮೊಬೈಲನ್ನು ಔಷಧಿ ಡಬ್ಬಕ್ಕೆ ಒರಗಿಸಿ ಅವಳು ಮಾವನ ಎದುರು ಕೂತಿದ್ದಳು. "ದಿನದ ಬಹುಪಾಲು ನೀವು ಸಂತೋಷವಾಗಿ ಇರ್ತೀರಾ?" "ದಿನದ ಬಹುಪಾಲು ನಿದ್ದೆ ಮಾಡ್ತಿರ್ತೀನಿ. ಬರ್ಕೋ." "ನಿಮ್ಮ ಬದುಕು ಖಾಲಿ ಅನ್ಸುತ್ತಾ?" "ನಿಮ್ಮ ಪ್ರೊಫೆಸರ್‌ಗೆ ಅನ್ಸುತ್ತಾ ಕೇಳು ಮೊದಲು." ಆಮೇಲೆ ಅವನು ತೂಕದ ಕಲ್ಲಿನ ಕಥೆ ಶುರುಮಾಡಿದ. ಒಬ್ಬ ವ್ಯಾಪಾರಿ ಕಬ್ಬಿಣದ ಕಲ್ಲಿನ ಅಡಿಯನ್ನು ಕೊರೆದು ಒಳಗೆ ಮೇಣ ತುಂಬಿ, ಮೇಲೆ ಮಸಿ ಬಳಿದಿದ್ದನಂತೆ. ಇವನು ಕೈಯಲ್ಲಿ ಎತ್ತಿದ ಕೂಡಲೇ ಮೋಸ ಹಿಡಿದನಂತೆ. ಅದೇ ಕಥೆಯನ್ನು ಅವಳು ಮೊದಲೂ ಕೇಳಿದ್ದಳು, ಆಗ ಅದು ಕಲ್ಲಲ್ಲ, ಲೀಟರಿನ ಡಬ್ಬಿಯಾಗಿತ್ತು. ಹೂಂ, ಎಂದಳು. ಹೂಂ. ಮನಸ್ಸೆಲ್ಲ ಕೊನೆಗೆ ಕೇಳಬೇಕಾದ ಪ್ರಶ್ನೆಯ ಮೇಲಿತ್ತು, ಕಣ್ಣು ಕಿಟಕಿಯ ಕೆಳಗಿನ ಜಾಗದ ಮೇಲಿತ್ತು. ಮೇಜು ಅಲ್ಲಿ ಅಡ್ಡಲಾಗಿ ಕೂರುತ್ತದೆ, ಮಂಚ ತೆಗೆದರೆ. ಆ ಯೋಚನೆ ಬಂದದ್ದಕ್ಕೆ ಗಾಬರಿಯಾಗಿ ಅವಳು ತಲೆ ತಗ್ಗಿಸಿ ಬರೆಯತೊಡಗಿದಳು. ಬರೆಯುತ್ತಲೇ ಕೇಳಿದಳು, "ಮಾವ, ಆ ನಿವಾಸಕ್ಕೆ ಹೋಗಿ ಇರೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?" ಫ್ಯಾನು ತಿರುಗುತ್ತಿತ್ತು. ಹೂಂ ಎಂದು ಕೇಳಿಸಿತು. ತಲೆ ಎತ್ತಿದಾಗ ಮಾವ ಕಿಟಕಿಯ ಕಡೆ ನೋಡುತ್ತಿದ್ದ, ಅಷ್ಟು ಹೊತ್ತಿಗೆ ಅವಳು ‘ಒಪ್ಪಿಗೆ’ ಎಂದು ಬರೆದು ಮುಗಿಸಿದ್ದಳು. ಎದೆಯ ಮೇಲಿನಿಂದ ಏನೋ ಇಳಿದ ಹಾಗಾಗಿ, ಅಡುಗೆಮನೆಗೆ ಹೋಗಿ ಅವನಿಗೆ ಕೇಳದೆಯೇ ಎರಡನೇ ಸಲ ಚಹಾ ಮಾಡಿಕೊಟ್ಟಳು. "ಏನು ಇವತ್ತು ಎಮ್ಮೆ ಎರಡು ಸಲ ಹಾಲು ಕರೀತಾ ಇದೆ," ಎಂದಿದ್ದ.

ನಾದಿನಿಯ ಫೋನು ಬಂದ ದಿನ ಸಂಜೆ ಅವಳು ಅಂಗಡಿಯಿಂದ ನೇರ ಬಸ್ಸು ಹಿಡಿದು ವಿಭಾಗದ ಮೆಟ್ಟಿಲು ಹತ್ತಿದಾಗ ಸಂದರ್ಶನ ಕೇಳಿಸುವ ಅವಳ ಸರದಿ ಆಗಲೇ ಬಂದಿತ್ತು. ಇಡೀ ಸಂದರ್ಶನ ಬೇಡ, ಒಂದು ತುಣುಕು ಸಾಕು ಎಂದರು ಪ್ರೊಫೆಸರು. ಯಾವ ತುಣುಕು ಎಂದು ಅವಳು ಯೋಚಿಸಿರಲಿಲ್ಲ. ಕೊನೆಯದನ್ನೇ ಹಾಕಿದಳು, ಅದೇ ಸ್ಪಷ್ಟವಾದ ಉತ್ತರ ಎಂದುಕೊಂಡು. ಸ್ಪೀಕರಿನಲ್ಲಿ ತೂಕದ ಕಲ್ಲಿನ ಕಥೆಯ ಬಾಲ ಬಂತು, ಅವಳ ಹೂಂ ಬಂತು, ಅವಳ ಪ್ರಶ್ನೆ ಬಂತು. ತನ್ನ ದನಿ ಇಷ್ಟು ಸಣ್ಣದೇ, ಇಷ್ಟು ವಿನಯದ್ದೇ ಎಂದು ಅವಳಿಗೆ ಹೇಸಿಗೆಯಾಯಿತು. ಫ್ಯಾನಿನ ಸದ್ದು. ಹೂಂ. "ಅದ್ಭುತ," ಎಂದರು ಪ್ರೊಫೆಸರು. "ನೋಡಿ, ಒಂದು ಹೂಂನಲ್ಲಿ ಎಷ್ಟು ಶಿಸ್ತುಗಳು ಸೇರ್ತವೆ. ಡಾಕ್ಟ್ರೇ, ನೀವು ಹೇಳಿ." ಡಾಕ್ಟರು, ಅದನ್ನು ಮಾತು ಎಂದು ತಗೊಳ್ಳೋಕೇ ಆಗಲ್ಲ, ಆ ವಯಸ್ಸಿನಲ್ಲಿ ಕಫ ಕಟ್ಟಿರುತ್ತೆ, ಉಸಿರು ಬಿಟ್ಟರೂ ಹಾಗೇ ಕೇಳಿಸುತ್ತೆ ಎಂದರು. ಚೌಕಟ್ಟು ಎದ್ದು ನಿಂತ. "ಸರ್, ಇದು ಪ್ರತಿರೋಧದ ಹೂಂ. ಇಲ್ಲ ಅನ್ನೋ ಅಧಿಕಾರ ಇಲ್ಲದವನು ಹೌದು ಅನ್ನೋದನ್ನೂ ಪೂರ್ತಿ ಹೇಳದೆ ಉಳಿಸ್ಕೊಳ್ತಾನೆ. ಈ ಸೂಕ್ಷ್ಮವನ್ನ ಹಿಡಿಯೋಕೆ ಒಂದು ಚೌಕಟ್ಟು ಬೇಕು." ಸಂಖ್ಯಾಶಾಸ್ತ್ರದ ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ನಿಮ್ಮ ಸೂಕ್ಷ್ಮ ಎಲ್ಲ ಆಮೇಲೆ. ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಸೊನ್ನೆ. ನಮ್ಮಲ್ಲಿ ಹೂಂಗೆ ಜಾಗ ಇಲ್ಲ. ಒಂದು ಅಂತ ಹಾಕೊಳಿ," ಎಂದರು. ಮೇಡಂ ಕನ್ನಡಕದ ಎಡಗಡೆಯ ಕಡ್ಡಿ ಸಡಿಲಾಗಿದೆ, ಒಂದು ತಿರುಪು ಹಾಕಿದರೆ ಸಾಕು ಎಂದು ಅವಳ ಮನಸ್ಸು ಅಲ್ಲಿಗೆ ಓಡಿಹೋಗಿ ಕೂತಿತ್ತು.

"ಇನ್ನೊಂದ್ಸಲ ಹಾಕಿ. ಸ್ವಲ್ಪ ಜೋರಾಗಿ," ಎಂದರು ಪ್ರೊಫೆಸರು. ಅವಳು ಹಾಕಿದಳು. ಆಗ ಕೇಳಿಸಿತು. ಆ ಹೂಂ ಕೆಳಗಿನಿಂದ ಎದ್ದು ಕೊನೆಯಲ್ಲಿ ಎಳೆಯಷ್ಟು ಮೇಲಕ್ಕೆ ತಿರುಗುತ್ತಿತ್ತು. ಇದೇ ಕೋಣೆಯಲ್ಲಿ ಕಲಿಸಿದ, ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿದ ಹೂಂ. ಮೊಬೈಲಿಗೆ ಹತ್ತಿರದಲ್ಲಿ ಬಂದಂತಿತ್ತು. ಮಾವ ಕೂತದ್ದು ಮಂಚದ ಆ ತುದಿಯಲ್ಲಿ. ಅದು ಮಾವನದಲ್ಲ, ತನ್ನದು. ತಾನೇ ಕೇಳಿ, ಉತ್ತರಕ್ಕೆ ಕಾಯುತ್ತ, ನಾನಿದ್ದೀನಿ ಮುಂದೆ ಹೇಳಿ ಎಂದು ತಾನೇ ಹೂಂಗುಟ್ಟಿ, ಅದನ್ನು ಒಪ್ಪಿಗೆ ಎಂದು ತಾನೇ ಬರೆದುಕೊಂಡದ್ದು. ಇಲ್ಲ, ಹಾಗಿರಲಾರದು, ಅದರಲ್ಲಿ ಒಂದು ಒರಟು ಇದೆ, ಮಾವನ ಮೂಗಿನಲ್ಲಿ ಆ ಒರಟು ಇದೆ. ಮತ್ತೆ ಹಾಕಿ ಕೇಳಿದರೆ ತಿಳಿಯಬಹುದು ಎಂದು ಬೆರಳು ಮೊಬೈಲಿನ ಕಡೆ ಹೋಯಿತು. ಮತ್ತೆ ಹಾಕಿದಳು. ತನ್ನದು. ಮತ್ತೆ ಹಾಕಿದಳು. ಮಾವನದು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಬ್ಬರನ್ನೊಬ್ಬರು ಸಹಿಸುತ್ತ ಇದ್ದವರ ಮೂಗುಗಳೂ ಒಂದೇ ಆಗುತ್ತವೆಯೋ ಏನೋ. "ಸಾಕು ಮೇಡಂ, ಎಷ್ಟು ಸಲ," ಎಂದು ಹಿಂದಿನಿಂದ ಯಾರೋ ನಕ್ಕರು. ಚೌಕಟ್ಟು ಪೆನ್ನು ಎತ್ತಿ, "ಮೇಡಂ, ಹೂಂ ಅನ್ನುವಾಗ ಅವರ ಮುಖಭಾವ ಏನಿತ್ತು?" ಎಂದು ಕೇಳಿದ. "ನಾನು ಬರ್ಕೊಳ್ತಿದ್ದೆ," ಎಂದಳು. "ಏನು ಬರ್ಕೊಳ್ತಿದ್ರಿ, ಅವರಿನ್ನೂ ಉತ್ತರಾನೇ ಕೊಟ್ಟಿರಲಿಲ್ಲವಲ್ಲ?" ಇಷ್ಟು ದಿನದಲ್ಲಿ ಆ ಹುಡುಗ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು. ಅವನಿಗೆ ಅದು ಗೊತ್ತಾಗಲಿಲ್ಲ, ಉತ್ತರಕ್ಕೂ ಕಾಯದೆ ಕೂತು ತನ್ನ ಪ್ರತಿರೋಧವನ್ನು ಬರೆದುಕೊಳ್ಳತೊಡಗಿದ.

ಆಗ ಹೇಳಬಹುದಿತ್ತು. ಸರ್, ಆ ಹೂಂ ನನ್ನದಿರಬಹುದು ಎಂದರೆ ಮುಗಿಯುತ್ತಿತ್ತು. ಡಾಕ್ಟರು ಅವಳ ಕಫದ ಬಗ್ಗೆ, ಚೌಕಟ್ಟು ಅವಳ ಪ್ರತಿರೋಧದ ಬಗ್ಗೆ ಮಾತಾಡುತ್ತಿದ್ದರು, ಅಷ್ಟೇ ವ್ಯತ್ಯಾಸ. ಪ್ರೊಫೆಸರು ಬೋರ್ಡಿಗೆ ಹೋಗಿ ‘ಮುಪ್ಪು ಎಂದರೆ ಒಂದು ಹೂಂ’ ಎಂದು ದೊಡ್ಡದಾಗಿ ಬರೆದು, ಒಂದು ಹೆಜ್ಜೆ ಹಿಂದೆ ಸರಿದು ತಮ್ಮ ಅಕ್ಷರವನ್ನು ತಾವೇ ನೋಡಿದರು. ಎಲ್ಲರೂ ಅದನ್ನು ಬರೆದುಕೊಂಡರು. ಅವಳೂ ಬರೆದುಕೊಂಡಳು.

ಬಸ್ಸಿನಲ್ಲಿ ನಿಲ್ಲಲು ಮಾತ್ರ ಜಾಗವಿತ್ತು. ಒಬ್ಬ ಕಾಲೇಜಿನ ಹುಡುಗಿ ಎದ್ದು, "ಕೂತ್ಕೊಳ್ಳಿ ಆಂಟಿ," ಎಂದಳು. ಬೇಡ ಎನ್ನಲೂ ಆಗದೆ, ಕೂರಲೂ ಮನಸ್ಸಿಲ್ಲದೆ ಅವಳು ಕೂತಳು. ತಲೆಯ ಮೇಲಿನ ಕಂಬಿಗೆ ಜೋತುಬಿದ್ದ ಹುಡುಗಿಯ ಮುಖದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿ ಹೊಳೆಯುತ್ತಿತ್ತು. ಆ ತೃಪ್ತಿಯನ್ನು ಅವಳು ಬಲ್ಲಳು. ಬೆಳಗ್ಗೆ ಒಳಕೋಣೆಯಲ್ಲಿ ಅದು ತನ್ನ ಮುಖದಲ್ಲೇ ಇತ್ತು. ಫೋನು ಮಾಡಿ ಈಗಲೇ ಹೇಳಿಬಿಡಬಹುದು, ವ್ಯಾನು ಬೇಡ ಎನ್ನಬಹುದು. ಕಾರಣ ಕೇಳಿದರೆ? ಹೂಂ ಯಾರದೆಂದು ಅನುಮಾನವಿದೆ ಎಂದರೆ ನಾದಿನಿ ನಗುತ್ತಾಳೆ, ಗಂಡ, ನಿನ್ನ ಓದು ನಿನಗೆ ತಲೆ ತಿರುಗಿಸಿದೆ ಎನ್ನುತ್ತಾನೆ. ಅವರು ಹೇಗೋ ಹಾಗೆ. ಅವರನ್ನು ತಿರಸ್ಕರಿಸಿ ಮುಗಿದಿತ್ತು. ಆದರೆ ಆ ತಿರಸ್ಕಾರ ಎಲ್ಲರನ್ನೂ ಒಂದು ಸುತ್ತು ಹಾಕಿ, ಕೊನೆಗೆ ಜಾಗ ಸಿಗದೆ ಅವಳ ಪಕ್ಕದಲ್ಲೇ ಬಂದು ಕೂತಿತ್ತು. ಆ ಹೂಂ ತನ್ನದೇ ಆಗಿದ್ದರೆ, ಅದು ನಿಜವಾಗಿ ಪ್ರೊಫೆಸರು ಕಲಿಸಿದ ಹೂಂ ಆಗಿತ್ತೇ? ಅಭಿಪ್ರಾಯ ಇಲ್ಲದ ಹೂಂ? ಕಿಟಕಿಯ ಕೆಳಗೆ ಅಡ್ಡಲಾಗಿ ಕೂರುವ ಮೇಜಿಗೆ ಅಂದ ಹೂಂ ಅಲ್ಲವೇ?

ಮನೆಯಲ್ಲಿ ಬಾಗಿಲ ಬಳಿಯೇ ಬ್ಯಾಗಿತ್ತು, ಮೇಲೆ ಸ್ವೆಟರು ಮಡಿಸಿಟ್ಟಿತ್ತು. ಟಿವಿಯ ಮುಂದೆ ಗಂಡನೂ ನಾದಿನಿಯೂ ತಟ್ಟೆ ಹಿಡಿದು ಕೂತಿದ್ದರು. "ಹೇಗಾಯ್ತೇ?" ಎಂದ ಗಂಡ. "ಮೆಚ್ಚಿಕೊಂಡ್ರು," ಎಂದಳು. "ನೋಡು, ನಾನು ಹೇಳಿರಲಿಲ್ವಾ," ಎಂದು ಅವನು ತಂಗಿಯ ಕಡೆ ತಿರುಗಿದ. ಅವಳು ಚಪ್ಪಲಿ ಬಿಟ್ಟು, ಕೈ ತೊಳೆಯದೆ, ನೇರ ಕೋಣೆಗೆ ಹೋದಳು. ಮಾವ ಮಂಚದ ತುದಿಯಲ್ಲಿ ಕೂತು, ಅವಳೇ ಅಂಗಡಿಯಿಂದ ಮಾಡಿಸಿಕೊಟ್ಟ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತೆ ಎಂದು ಎಷ್ಟು ಸಲ ಹೇಳಿದರೂ ಕೇಳುವವನಲ್ಲ.

"ಎಮ್ಮೆ ಬಂತಾ?"

"ಬಂತು ಮಾವ."

"ಪಾಸಾ?"

"ಇನ್ನೂ ಇಲ್ಲ." ಅವಳು ಭಾನುವಾರ ಕೂತ ಕುರ್ಚಿಯಲ್ಲೇ ಕೂತಳು. "ಮಾವ, ಮೊನ್ನೆ ನಾನು ಒಂದು ಕೇಳಿದ್ದೆ."

"ಒಂದಾ? ಹೊಟ್ಟೆ ಸರಿಯಾಗಿ ಹೋಗುತ್ತಾ ಅಂತಾನೂ ಕೇಳಿದ್ದೆ. ಮಾವನ್ನ ಕೇಳೋ ಪ್ರಶ್ನೇನಾ ಅದು?"

"ಅದಲ್ಲ. ಅಲ್ಲಿಗೆ ಹೋಗೋದಕ್ಕೆ ಒಪ್ಪಿಗೆನಾ ಅಂತ ಕೇಳಿದ್ದೆ. ನೀವು ಏನಂದ್ರಿ ಅಂತ ನೆನಪಿದೆಯಾ?"

"ನೀನು ಬರ್ಕೊಂಡೆಯಲ್ಲ. ನೋಡ್ಕೋ."

"ಬರ್ಕೊಂಡಿದ್ದು ಸರಿಯೋ ಇಲ್ವೋ ಅಂತ."

"ಬ್ಯಾಗ್ ಕಟ್ಟಿ ಆಯ್ತು, ಈಗ ಸರಿಯೋ ಇಲ್ವೋ ಅಂತ ಕೇಳ್ತೀಯಾ?" ಅವನು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದ. "ಅಂಗಡಿಯವರು ಹೀಗೇ ಮಾಡ್ತಿದ್ರು. ನಾನು ಬರೋ ದಿನ ಗೊತ್ತಾದ್ರೆ ಹಿಂದಿನ ದಿನ ಬಂದು, ಸಾರ್, ನಮ್ಮ ತಕ್ಕಡಿ ಸರಿ ಇದೆಯಾ ಒಮ್ಮೆ ನೋಡಿ ಅನ್ನೋರು. ನಾಟಕ." ಅವನು ನಕ್ಕ, ನಗು ಕೆಮ್ಮಾಯಿತು. ಅವಳು ನೀರು ಕೊಟ್ಟಳು. ಅವನು ಕುಡಿಯಲಿಲ್ಲ, ಲೋಟವನ್ನು ಕೈಯಲ್ಲಿ ಎತ್ತಿ ಇಳಿಸಿ ಅದರ ತೂಕ ನೋಡುವವನ ಹಾಗೆ ಕೂತಿದ್ದ. "ಮೊನ್ನೆ ನಾನೇನಂದ್ನೋ ನನಗೆ ನೆನಪಿಲ್ಲ. ಏನಾದ್ರೂ ಅಂದ್ನೋ ಇಲ್ವೋ ಅದೂ ನೆನಪಿಲ್ಲ. ಆ ಕಲ್ಲಿನ ಕಥೆ ಹೇಳ್ತಿದ್ದೆ, ನೀನು ಕೇಳ್ತಿರಲಿಲ್ಲ, ಅದು ನೆನಪಿದೆ."

"ಕೇಳ್ತಿದ್ದೆ ಮಾವ."

"ಬಿಡು. ಬರೀ ನೀನೇ ಕೇಳೋದಾ? ಈಗ ನಾನು ಒಂದು ಕೇಳ್ತೀನಿ. ಅವರಿಬ್ಬರನ್ನ ಕೇಳಿ ಪ್ರಯೋಜನ ಇಲ್ಲ, ಅವರು ಬಾಯಿ ಬಿಡೋರಲ್ಲ." ಅವನು ಕನ್ನಡಕ ಹಾಕಿಕೊಂಡು ಅವಳ ಕಡೆ ತಿರುಗಿದ. ಗೀರು ಬಿದ್ದ ಗಾಜುಗಳ ಹಿಂದೆ ಕಣ್ಣು ದೊಡ್ಡದಾಗಿ, ಒದ್ದೆಯಾಗಿ, ಯಾರದೋ ಬೇರೆಯವರ ಕಣ್ಣಿನ ಹಾಗೆ ಕಾಣುತ್ತಿತ್ತು. "ನಾನು ಇಲ್ಲಿಂದ ಹೋಗೋದು ನಿನಗೆ ಬೇಕಾ?"

ಹಾಲಿನಲ್ಲಿ ಟಿವಿಯ ಸದ್ದು ತಗ್ಗಿತು, ಯಾರೋ ತಗ್ಗಿಸಿದ ಹಾಗೆ. ಫ್ಯಾನು ತಿರುಗುತ್ತಿತ್ತು. ಅವಳು ಇಲ್ಲ ಎನ್ನಬೇಕೆಂದಿದ್ದಳು. ಬಸ್ಸಿಳಿದು ನಡೆಯುತ್ತ ಅದಕ್ಕಾಗಿಯೇ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನ ಹೆಗಲಿನಾಚೆ ಕಿಟಕಿಯಿತ್ತು, ಕಿಟಕಿಯ ಕೆಳಗೆ ಆ ಜಾಗವಿತ್ತು, ಅವಳು ಅದನ್ನು ನೋಡದೆ ಇರಲು ಪ್ರಯತ್ನಿಸಿ ಅವನ ಮುಖವನ್ನೇ ನೋಡಿದಳು. ಇನ್ನೂ ಏನೋ ಹೇಳಲಿದ್ದಾನೆ, ಅವನ ತುಟಿ ಅಲುಗುತ್ತಿದೆ, ಹೇಳಲಿ, ಎಂದುಕೊಳ್ಳುತ್ತಿರುವಾಗಲೇ ಕೋಣೆಯಲ್ಲಿ ಅದು ಕೇಳಿಸಿತು. ಕೆಳಗಿನಿಂದ ಎದ್ದು, ಕೊನೆಯಲ್ಲಿ ಎಳೆಯಷ್ಟು ಮೇಲಕ್ಕೆ ತಿರುಗಿ.

"ಹೂಂ."

ಮಾವ ತಲೆಯಾಡಿಸಿದ. ಸರಿಯಾದ ತೂಕ ಬಂದಾಗ ಅವನು ಹಾಗೆ ತಲೆಯಾಡಿಸುತ್ತಿದ್ದ. "ಇದನ್ನೂ ಬರ್ಕೋ," ಎಂದು ಕನ್ನಡಕ ತೆಗೆದು ಡಬ್ಬದ ಮೇಲಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ಹಾಗಲ್ಲ ಮಾವ, ಅದು ಆ ಹೂಂ ಅಲ್ಲ, ನೀವು ಇನ್ನೂ ಹೇಳ್ತೀರಿ ಅಂದ್ಕೊಂಡೆ ಎಂದು ಅವಳು ಹೇಳಲು ಹೋದಳು. ಬಾಯಿಗೆ ಬರುವಷ್ಟರಲ್ಲಿ ಆ ಮಾತು ಮೇಣ ತುಂಬಿದ ಕಲ್ಲಿನ ಹಾಗೆ ಅವಳಿಗೇ ಹಗುರ ಎನ್ನಿಸಿತು. ಹಾಲಿನಲ್ಲಿ ಟಿವಿ ಮತ್ತೆ ಜೋರಾಯಿತು.

ಬೆಳಗ್ಗೆ ವ್ಯಾನು ಹೇಳಿದ ಹೊತ್ತಿಗೇ ಬಂತು. ಭಾನುವಾರದ ಹೂಂ ಯಾರದೆಂದು ಇವತ್ತಿಗೂ ತಿಳಿದಿಲ್ಲ, ಇನ್ನು ತಿಳಿಯುವ ದಾರಿಯೂ ಇಲ್ಲ. ಈ ಎರಡನೆಯದು ಅವಳದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ನಾನಿದ್ದೀನಿ ಮುಂದೆ ಹೇಳಿ ಎಂದದ್ದೋ, ಹೌದು ಎಂದದ್ದೋ, ಹೇಳಲು ಗೊತ್ತಿಲ್ಲ.